ಇಸ್ಪೀಟಿನ ಮೇಜಿನ ಮುಂದೆ ಒಂದು ಸಂಜೆ

ಖಿದಿರ್‌ಪುರದಲ್ಲಿ ಬಿಡಾರ ಹೂಡಿದವನಿಗೆ ಪಣದ ಆಟದ ಸುದ್ದಿ ಅಪರಿಚಿತವಾಗಿರಲಾರದು. ನಮ್ಮ ಬಡಾವಣೆಯಿಂದ ಹೊರಟು ಆದಿಗಂಗೆಯ ಮೇಲಣ ಸೇತುವೆಯನ್ನು ದಾಟಿದೊಡನೆ, ಮೈದಾನದ ಅಂಚಿನಲ್ಲಿ ಕುದುರೆ ಪಂದ್ಯದ ವಿಶಾಲವಾದ ಬಯಲು ಕಣ್ಣಿಗೆ ಬೀಳುತ್ತದೆ. 1847ರಲ್ಲಿ ಸ್ಥಾಪಿತವಾದ ರಾಯಲ್ ಕಲ್ಕತ್ತಾ ಟರ್ಫ್ ಕ್ಲಬ್ಬಿನ ಆಶ್ರಯದಲ್ಲಿ ಇಂದಿಗೂ ಅಲ್ಲಿ ಪಂದ್ಯಗಳು ನಡೆಯುತ್ತವೆ. ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಮೂರು ವರ್ಷಗಳಿಂದ ದಿನವೂ ಅದನ್ನು ಹಾದುಹೋಗುತ್ತಿದ್ದರೂ ನಾನು ಒಳಗೆ ಕಾಲಿಟ್ಟವನಲ್ಲ. ಇಸ್ಪೀಟು ಎಲೆಯನ್ನಂತೂ ನಲವತ್ತಾರು ವರ್ಷಗಳ ಬಾಳಿನಲ್ಲಿ ಮುಟ್ಟಿರಲಿಲ್ಲ. ಅದಕ್ಕೆ ಕಾರಣವಿತ್ತು.

ನಮ್ಮದು ಶಿರಸಿಯ ಕಡೆಯ ಒಂದು ಸಣ್ಣ ಅಡಿಕೆ ತೋಟದ ಮನೆ. ಅಪ್ಪಯ್ಯ ತಾಳಮದ್ದಳೆಯ ದೊಡ್ಡ ಅಭಿಮಾನಿ. ಧರ್ಮರಾಯನು ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಪ್ರಸಂಗವನ್ನು ಕೇಳಿ ಕಣ್ಣೀರು ಹಾಕುತ್ತಿದ್ದ ಅದೇ ಅಪ್ಪಯ್ಯ, ಸಂಜೆಯಾಯಿತೆಂದರೆ ಪೇಟೆಯ ಕ್ಲಬ್ಬಿಗೆ ರಮ್ಮಿ ಆಡಲು ಹೋಗುತ್ತಿದ್ದರು. ಪಾಯಿಂಟಿಗೆ ನಾಲ್ಕಾಣೆ, ಎಂಟಾಣೆ. ದೊಡ್ಡ ಮೊತ್ತವೇನೂ ಅಲ್ಲ. ಆದರೂ ನಾನು ಆರನೆಯ ತರಗತಿಯಲ್ಲಿದ್ದ ವರ್ಷ, ಆಯಿ ನನ್ನನ್ನು ಜೊತೆಗೆ ಕರೆದುಕೊಂಡು ಒಂದು ಬ್ಯಾಂಕಿಗೆ ಹೋಗಿ ತನ್ನ ಬಳೆಗಳನ್ನು ಬಿಚ್ಚಿ ಕೌಂಟರಿನ ಮೇಲಿಟ್ಟದ್ದು ನೆನಪಿದೆ. "ಇನ್ನೇನಾದರೂ ಇಡುವುದಿದೆಯೇ ಅಮ್ಮ?" ಎಂದು ಗುಮಾಸ್ತರು ಬಹಳ ವಿನಯದಿಂದ ಕೇಳಿದರು. ಆ ಬಳೆಗಳು ಮರಳಿ ಬರಲಿಲ್ಲ. ಮುಂದೆ ನಾನು ಬಿ.ಕಾಂ. ಓದಿ ಬ್ಯಾಂಕನ್ನೇ ಸೇರಿದೆ, ಇಸ್ಪೀಟನ್ನು ದೂರವಿಟ್ಟೆ.

ದೂರವಿಟ್ಟದ್ದು ಬೇರೊಂದು ಬಾಗಿಲಿನಿಂದ ಮನೆಯೊಳಗೆ ಬಂದಿತು. 2025ರ ಜುಲೈ ತಿಂಗಳಲ್ಲಿ, ಇಲ್ಲಿಯೇ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿರುವ ನನ್ನ ಮಗನ ಖಾತೆಯ ವಿವರಪಟ್ಟಿಯನ್ನು ನೋಡುವ ಸಂದರ್ಭ ಒದಗಿತು. ಇನ್ನೂರು, ಐನೂರು, ಮತ್ತೆ ಐನೂರು ಎಂದು ಐದು ತಿಂಗಳಲ್ಲಿ 23,400 ರೂಪಾಯಿ ಹೊರಗೆ ಹೋಗಿತ್ತು. ಕೇಳಿದಾಗ, ಮೊಬೈಲಿನಲ್ಲಿ ಪೋಕರ್ ಆಡಿದ್ದಾಗಿ ಒಪ್ಪಿಕೊಂಡ. ನಾನು ಗದರಿಸಿದೆ. ಅವನೂ ಸುಮ್ಮನಿರಲಿಲ್ಲ.

"ಅಪ್ಪ, ಇದು ಜೂಜಲ್ಲ, ಬುದ್ಧಿಯ ಆಟ. ಕೋರ್ಟೇ ಹೇಳಿದೆ. ನೀವು ಒಮ್ಮೆಯಾದರೂ ಆಡಿ ನೋಡಿದ್ದೀರಾ?"

ಅವನ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಪಶ್ಚಿಮ ಬಂಗಾಳದ 1957ರ ಜೂಜು ಕಾಯಿದೆಯೇ ಬ್ರಿಜ್, ರಮ್ಮಿಗಳ ಜೊತೆಗೆ ಪೋಕರನ್ನೂ ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಮಾನಿಸಿತು. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂಬ ನಿಲುವನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ತಳೆಯಿತು. 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಇದಕ್ಕೆ ವಿರುದ್ಧವಾದ ತೀರ್ಪನ್ನು ಕೊಟ್ಟಿತು. ಅದೇ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ, ಹಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನೆಲ್ಲ ನಿಷೇಧಿಸಿತು. ಅವುಗಳಿಗೆ ಹಣ ರವಾನಿಸಬಾರದೆಂದು ಬ್ಯಾಂಕುಗಳನ್ನೂ ಕಟ್ಟುಪಡಿಸಿತು. ಮಗನ ಮೊಬೈಲಿನ ಆಟ ನಿಂತಿತು. ಅವನ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಮಾಂಡೋವಿಯ ಮೇಲೆ

ಡಿಸೆಂಬರಿನ ರಜೆಯಲ್ಲಿ ಊರಿಗೆ ಹೋದಾಗ ಪತ್ನಿಯೊಡನೆ ಎರಡು ದಿನದ ಮಟ್ಟಿಗೆ ಪಣಜಿಗೆ ಹೋಗಿದ್ದೆ. ಗೋವೆಯ 1976ರ ಜೂಜು ಕಾಯಿದೆಗೆ 1992ರಲ್ಲಿಯೂ 1996ರಲ್ಲಿಯೂ ಆದ ತಿದ್ದುಪಡಿಗಳ ಬಲದಿಂದ, ಐದು ನಕ್ಷತ್ರದ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೂ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಅವಕಾಶ ದೊರೆತಿದೆ. ಆ ಹಡಗುಗಳು ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಇಪ್ಪತ್ತೊಂದು ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಸ್ವತಃ ಗೋವೆಯವರಿಗೂ 2020ರಿಂದ ಆಡಲು ನಿಷೇಧವಿದೆ. ಊರಿನವರಿಗೆ ಸಲ್ಲದೆಂದು ಸರ್ಕಾರವೇ ಬಗೆದ ಪದಾರ್ಥವನ್ನು ಪರವೂರಿನವರಿಗೆ ಬಡಿಸುವ ಈ ವ್ಯವಸ್ಥೆಯ ಬಗ್ಗೆ ನಾನು ಆಗಲೇ ಯೋಚಿಸಬೇಕಿತ್ತು.

"ಐದು ಸಾವಿರಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ" ಎಂದು ಪತ್ನಿಗೆ ಮಾತು ಕೊಟ್ಟೆ. "ನೀವು ಹೇಳಿದ ಮೇಲೆ ಮುಗಿಯಿತಲ್ಲ" ಎಂದು ಆಕೆ ಕೊಠಡಿಯಲ್ಲಿಯೇ ಉಳಿದಳು. ದಡದಿಂದ ಒಂದು ಸಣ್ಣ ದೋಣಿ ನಮ್ಮನ್ನು ಹಡಗಿಗೆ ಮುಟ್ಟಿಸಿತು.

ಇಸ್ಪೀಟಿನ ಕೋಣೆ ನಾನು ಊಹಿಸಿದಂತೆ ಗದ್ದಲದಿಂದ ಕೂಡಿರಲಿಲ್ಲ. ಅಂಡಾಕಾರದ ಹಸಿರು ಮೇಜು, ಸುತ್ತಲೂ ಒಂಬತ್ತು ಜನ, ನಡುವೆ ಎಲೆ ಹಂಚುವ ಡೀಲರ್. ಹಣವನ್ನು ಕೊಟ್ಟು ಬಣ್ಣದ ಬಿಲ್ಲೆಗಳನ್ನು ಪಡೆಯಬೇಕು. ಆಟದ ಕ್ರಮ ಕ್ಲಿಷ್ಟವೇನಲ್ಲ. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ ಬರುತ್ತವೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಎಲೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಕೂಡಿಸಿಕೊಂಡವನು ಗೆದ್ದಂತೆ. ಪ್ರತಿ ಹಂತದಲ್ಲಿಯೂ ಹಣ ಹೂಡಬಹುದು, ಇಲ್ಲವೇ ಎಲೆ ಚೆಲ್ಲಿ ಹಿಂದೆ ಸರಿಯಬಹುದು. ಎಲೆ ನೋಡುವ ಮೊದಲೇ ಇಬ್ಬರು ಸರದಿಯ ಮೇಲೆ ಪಣ ಇಡಬೇಕು. ನಾನು ಕುಳಿತದ್ದು ಅತಿ ಕಡಿಮೆ ಪಣದ ಮೇಜು, 50 ಮತ್ತು 100 ರೂಪಾಯಿಯದು.

ಮೊದಲ ಒಂದು ಗಂಟೆ ಬಹುತೇಕ ಎಲೆ ಚೆಲ್ಲುವುದರಲ್ಲಿಯೇ ಕಳೆಯಿತು. ಕೈ ನಡುಗುವುದನ್ನು ಮರೆಮಾಡಲು ಬಿಲ್ಲೆಗಳನ್ನು ಜೋಡಿಸುತ್ತಾ ಕುಳಿತೆ. ಆಗ ಒಂಬತ್ತರ ಜೋಡಿಯೊಂದು ಬಂದಿತು. ಮೇಜಿನ ಮೇಲೆ ಬಿದ್ದ ಮೊದಲ ಮೂರು ಎಲೆಗಳಲ್ಲಿ ಮತ್ತೊಂದು ಒಂಬತ್ತು! ಜೋಡಿ ಹಿಡಿದವನಿಗೆ ಹೀಗಾಗುವುದು ಎಂಟೂವರೆ ಬಾರಿಗೊಮ್ಮೆ ಮಾತ್ರ. ಆ ಆಟದಲ್ಲಿ 2,100 ರೂಪಾಯಿ ಲಾಭವಾಯಿತು. ಎದೆ ಡವಡವನೆ ಬಡಿದುಕೊಂಡಿತು, ಕಿವಿ ಬಿಸಿಯಾಯಿತು. ನನ್ನ ಸಂಬಳದ ಮುಂದೆ ಆ ಹಣ ಎಷ್ಟರದು? ಆದರೂ ಯಾವ ಬಡ್ತಿಯೂ ಅಂಥ ಸಂತೋಷವನ್ನು ಕೊಟ್ಟ ನೆನಪಿಲ್ಲ. ಆ ಕ್ಷಣದಲ್ಲಿ, ಹಲವು ವರ್ಷಗಳ ಮೇಲೆ, ಅಪ್ಪಯ್ಯ ಒಂದಿಷ್ಟು ಅರ್ಥವಾದರು.

ಲೆಕ್ಕ ಬಲ್ಲವನ ತಪ್ಪು

ಎರಡನೆಯ ಗಂಟೆಯಲ್ಲಿ ನನಗೆ ಎರಡು ಆಟೀನು ಎಲೆಗಳು ಬಂದವು. ಮೇಜಿನ ಮೇಲೂ ಎರಡು ಆಟೀನು ಬಿದ್ದಿದ್ದವು. ಇನ್ನೊಂದು ಬಂದರೆ ಐದೂ ಒಂದೇ ಬಣ್ಣದವಾಗಿ ಗೆಲುವು ಬಹುಮಟ್ಟಿಗೆ ಖಚಿತ. ನಾಲ್ಕನೆಯ ಎಲೆ ಬೇರೆ ಬಣ್ಣದ್ದಾಯಿತು. ಕೊನೆಯ ಎಲೆಯೊಂದೇ ಉಳಿದಿತ್ತು. ರಾಶಿಯಲ್ಲಿ 1,800 ರೂಪಾಯಿ; ಎದುರಾಳಿ 1,200 ಹೂಡಿದ. ನಾನೂ 1,200 ಕೊಟ್ಟರೆ ಒಟ್ಟು 4,200.

ಇಲ್ಲಿಯ ಗಣಿತ ಸಾಲದ ಅರ್ಜಿಗಿಂತ ಸರಳವಾದದ್ದು. 4,200ಕ್ಕಾಗಿ 1,200 ಕೊಡುವವನು ನೂರಕ್ಕೆ 29 ಬಾರಿಯಾದರೂ ಗೆಲ್ಲಬೇಕು, ಇಲ್ಲವಾದರೆ ನಷ್ಟ. ನನಗೆ ಕಾಣದ 46 ಎಲೆಗಳಲ್ಲಿ ಆಟೀನು ಉಳಿದದ್ದು 9. ಎಂದರೆ ನೂರಕ್ಕೆ 20 ಬಾರಿಗೂ ತುಸು ಕಡಿಮೆ. ಇಂಥ ಪ್ರಸ್ತಾವನೆಯೊಂದು ನನ್ನ ಮೇಜಿಗೆ ಬಂದಿದ್ದರೆ ಎರಡನೆಯ ಮಾತಿಲ್ಲದೆ ತಿರಸ್ಕರಿಸುತ್ತಿದ್ದೆ. ಇಲ್ಲಿ ಮಂಜೂರು ಮಾಡಿದೆ. "ಈಗಾಗಲೇ 900 ಹಾಕಿದ್ದೇನಲ್ಲ" ಎಂಬುದೊಂದೇ ನನ್ನ ತರ್ಕ. ಮುಳುಗಿದ ಸಾಲವನ್ನು ಉಳಿಸಲು ಮತ್ತೊಂದು ಸಾಲ ಕೊಡಬಾರದೆಂದು ಕಿರಿಯ ಅಧಿಕಾರಿಗಳಿಗೆ ಬೋಧಿಸುವವನು ನಾನೇ! ಕೊನೆಗೆ ಬಂದದ್ದು ಇಸ್ಪೀಟಿನ ರಾಣಿ. ಗೆದ್ದಿದ್ದ 2,100 ಅಷ್ಟೂ ಹೋಯಿತು.

ಆ ಬಳಿಕ ನಾನು ಆಡಿದ್ದು ಎಲೆಗಳನ್ನಲ್ಲ, ಎದುರಾಳಿಯ ಮೇಲಣ ಸಿಟ್ಟನ್ನು. ಮುಕ್ಕಾಲು ಗಂಟೆಯಲ್ಲಿ ಬಿಲ್ಲೆಗಳೆಲ್ಲ ಖಾಲಿಯಾದವು. ಎದ್ದು ನಿಂತೆ. ಕಾಲುಗಳು ದೋಣಿಯ ಕಡೆಗೆ ಹೋಗದೆ ಹಣದ ಕಿಂಡಿಯ ಕಡೆಗೆ ಹೋದವು. ಇನ್ನೂ ಐದು ಸಾವಿರ ತೆತ್ತು ಬಂದು ಕುಳಿತೆ. ಪತ್ನಿಗೆ ಕೊಟ್ಟ ಮಾತು ನೆನಪಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಬಂದಿತು, ಅದನ್ನು ಬದಿಗೆ ಸರಿಸಿದೆ.

ಆಟದ ನಡುವೆಯೂ ಒಂದು ಲೆಕ್ಕ ತಲೆಯಲ್ಲಿ ಸುಳಿಯಿತು. ಪ್ರತಿ ರಾಶಿಯಿಂದಲೂ ಮನೆಯವರು ತಮ್ಮ ಪಾಲನ್ನು ತೆಗೆದುಕೊಳ್ಳುತ್ತಾರೆ. ಆಟಕ್ಕೆ ಸರಾಸರಿ 60 ರೂಪಾಯಿ, ಗಂಟೆಗೆ 25 ಆಟ ಎಂದು ಹಿಡಿದರೂ ನಾಲ್ಕು ಗಂಟೆಯಲ್ಲಿ 6,000 ರೂಪಾಯಿ ಮೇಜಿನಿಂದ ಕಾಣೆಯಾಗುತ್ತದೆ. ಎಂದರೆ ಒಂಬತ್ತು ಜನರಲ್ಲಿ ಒಬ್ಬನು ತಂದ ಹಣವಷ್ಟೂ, ಅದರ ಮೇಲೆ ಇನ್ನಷ್ಟೂ, ಯಾರೂ ಗೆಲ್ಲದೆಯೇ ಹೋದಂತಾಯಿತು. ಮನೆಯವರು ನಮ್ಮೊಡನೆ ಆಡುವುದಿಲ್ಲ. ನಾವು ಕುಳಿತಿದ್ದರೆ ಅವರಿಗೆ ಸಾಕು. ಇನ್ನು ಇಸ್ಪೀಟಿನಲ್ಲಿ ಗೆದ್ದ ಹಣಕ್ಕೆ ನೂರಕ್ಕೆ 30ರಂತೆ ಆದಾಯ ತೆರಿಗೆ. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಕೌಶಲದಿಂದ ಪಕ್ಕದವನನ್ನು ಸೋಲಿಸಬಹುದು. ಆದರೆ ಲಾಭವಾಗಬೇಕಾದರೆ ಈ ಎರಡು ಕಡಿತಗಳನ್ನೂ ಮೀರಿ ಸೋಲಿಸಬೇಕು.

ಇಷ್ಟೆಲ್ಲ ತಿಳಿದಿದ್ದೂ ಏಳಲಿಲ್ಲ. 2,300 ರೂಪಾಯಿ ಉಳಿದಾಗ ಮೂರನೆಯ ಬಾರಿಗೆ ಕಿಂಡಿಯ ಮುಂದೆ ನಿಂತಿದ್ದೆ. "ಇನ್ನೆಷ್ಟು ಕೊಡಲಿ ಸರ್?" ಎಂದು ಅಲ್ಲಿಯ ಹುಡುಗ ವಿನಯದಿಂದ ಕೇಳಿದ. ಆ ಧ್ವನಿ ನನಗೆ ಗೊತ್ತಿತ್ತು. ಆಯಿಯ ಬರಿಗೈ ಕಣ್ಣಮುಂದೆ ಬಂದಿತು. ಉಳಿದ ಬಿಲ್ಲೆಗಳನ್ನು ಕಿಂಡಿಯೊಳಕ್ಕೆ ಸರಿಸಿ ಹಣ ಪಡೆದು ದೋಣಿ ಹತ್ತಿದೆ. ಕಳೆದದ್ದು 7,700 ರೂಪಾಯಿ.

ಆರೋಗ್ಯದ ದೃಷ್ಟಿಯಿಂದ

ಇದನ್ನು ಕೇವಲ ನೀತಿಯ ಪ್ರಶ್ನೆಯೆಂದು ಬಗೆಯುವುದು ಸರಿಯಲ್ಲ. 1980ರಲ್ಲಿಯೇ ಅಮೆರಿಕದ ಮನೋವೈದ್ಯರ ಸಂಘವು ಹತೋಟಿ ಮೀರಿದ ಜೂಜನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. 2013ರಲ್ಲಿ ಅದನ್ನು ಮದ್ಯ, ಮಾದಕ ವಸ್ತುಗಳ ಚಟದ ಜೊತೆಯಲ್ಲಿಟ್ಟಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಅದನ್ನು ವ್ಯಸನವೆಂದೇ ಪರಿಗಣಿಸುತ್ತದೆ. ಬಂದರೂ ಬರಬಹುದು, ಬರದಿದ್ದರೂ ಇರಬಹುದು ಎಂಬಂಥ ಪ್ರತಿಫಲಕ್ಕೆ ನಮ್ಮ ಮಿದುಳು ಬಲವಾಗಿ ಸ್ಪಂದಿಸುತ್ತದೆ. ಆದ್ದರಿಂದ ಇದು ದಡ್ಡರಿಗೆ ಮಾತ್ರ ಬರುವ ಕಾಯಿಲೆಯಲ್ಲ.

ವೈದ್ಯರು ಎಚ್ಚರಿಸುವ ಲಕ್ಷಣಗಳು ಇವು: ಮೊದಲಿನ ಉತ್ಸಾಹಕ್ಕಾಗಿ ಪಣವನ್ನು ಹೆಚ್ಚಿಸುತ್ತಾ ಹೋಗುವುದು, ಸೋತದ್ದನ್ನು ಮರಳಿ ಪಡೆಯಲು ಮತ್ತೆ ಆಡುವುದು, ಬಿಡಬೇಕೆಂದರೂ ಬಿಡಲಾಗದಿರುವುದು, ಮನೆಯವರಿಂದ ಮರೆಮಾಚುವುದು, ಸಾಲ ಮಾಡುವುದು. ನಾನು ಒಂದೇ ಸಂಜೆಯಲ್ಲಿ ಎರಡನೆಯದನ್ನು ಮಾಡಿದ್ದೆ, ನಾಲ್ಕನೆಯದನ್ನು ಮಾಡುವ ಮನಸ್ಸಿನಲ್ಲಿದ್ದೆ. ಒಂದು ಸಂಜೆಯ ಅವಿವೇಕವೇ ರೋಗವಲ್ಲ. ಅದು ತಿಂಗಳುಗಟ್ಟಲೆ ಮುಂದುವರಿದು ಓದು, ಉದ್ಯೋಗ, ಸಂಸಾರಗಳನ್ನು ಕೆಡಿಸತೊಡಗಿದರೆ ವೈದ್ಯರ ಸಲಹೆ ಅಗತ್ಯ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಖಿದಿರ್‌ಪುರದ ಸುತ್ತಮುತ್ತಲಿನವರಿಗೆ ಎಸ್.ಎಸ್.ಕೆ.ಎಂ. ಆಸ್ಪತ್ರೆಗೆ ಸೇರಿದ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿ ಸಮೀಪದಲ್ಲಿಯೇ ಇದೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ.

ಪರಸ್ಥಳದಲ್ಲಿರುವ ನಮ್ಮಂಥ ಸಂಸಾರಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕಾಗಿದೆ. ಊರಿನಲ್ಲಾದರೆ ಅಪ್ಪಯ್ಯ ಕ್ಲಬ್ಬಿಗೆ ಹೋದ ಸುದ್ದಿ ಅರ್ಧ ಗಂಟೆಯಲ್ಲಿ ಮನೆಗೆ ಮುಟ್ಟುತ್ತಿತ್ತು. ಇಲ್ಲಿ ಪಕ್ಕದ ಕೋಣೆಯ ಮಗ ಏನಾಡುತ್ತಿದ್ದಾನೆಂಬುದು ಬ್ಯಾಂಕಿನ ಪಟ್ಟಿಯಿಂದ ತಿಳಿಯಬೇಕಾಯಿತು.

ಪಣಜಿಯಲ್ಲಿಯೇ, ಆ ರಾತ್ರಿಯೇ, ಪತ್ನಿಗೆ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. "ಇದನ್ನು ಅವನಿಗೂ ಹೇಳಿ" ಎಂದಷ್ಟೇ ಅಂದಳು. ಖಿದಿರ್‌ಪುರಕ್ಕೆ ಮರಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಗನೊಡನೆ ಮೈದಾನದ ಕಡೆಗೆ ನಡೆದುಹೋದೆ. 7,700 ರೂಪಾಯಿಯ ಕಥೆಯನ್ನೂ, ಅದರ ಹಿಂದಣ ಬಳೆಗಳ ಕಥೆಯನ್ನೂ ಅವನು ಮೊದಲ ಬಾರಿಗೆ ಕೇಳಿದ. ಬಹಳ ದೂರದವರೆಗೆ ಮಾತಾಡಲಿಲ್ಲ.

"ಎರಡನೆಯ ಸಲ ಹಣ ಕಟ್ಟುವಾಗ ನಿಮಗೂ ಹಾಗೇ ಅನ್ನಿಸಿತಾ ಅಪ್ಪ? ಇದೊಂದು ಸಲ, ಹೋದದ್ದು ಬಂದರೆ ಸಾಕು ಅಂತ?"

"ಹೌದು" ಎಂದೆ.

ಆಮೇಲೆ ಅವನೇ ಬಾಯಿಬಿಟ್ಟ. ಹೋದದ್ದು 23,400 ಅಷ್ಟೇ ಅಲ್ಲ. ಇಬ್ಬರು ಗೆಳೆಯರಿಂದ ಪಡೆದ ಒಂಬತ್ತು ಸಾವಿರ ಸಾಲವೂ ಉಳಿದಿತ್ತು. ಜುಲೈಯಲ್ಲಿ ನಾನು ಗದರಿಸಿದಾಗ ಹೊರಬಾರದ ಮಾತು ಅದು. ಈಗ ಅವನ ಕೈಖರ್ಚಿನಿಂದ ತಿಂಗಳಿಗೆ ಒಂದು ಸಾವಿರದಂತೆ ಆ ಸಾಲ ತೀರುತ್ತಿದೆ, ನಾನು ತೀರಿಸಿಕೊಟ್ಟಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ನನ್ನ ಖಾತೆಯ ಪಟ್ಟಿಯನ್ನು ಅವನೂ ಅವನ ಖಾತೆಯ ಪಟ್ಟಿಯನ್ನು ನಾನೂ ನೋಡುತ್ತೇವೆ. ಈ ಏರ್ಪಾಟು ಅವನದೇ ಸೂಚನೆ. ಸಂಘದ ಬಾಂಧವರಲ್ಲಿ ಯಾರ ಮನೆಯಲ್ಲಾದರೂ ಇಂಥ ಪ್ರಸಂಗ ಒದಗಿದರೆ, ಗದರಿಸುವ ಮೊದಲು ತಮ್ಮದೊಂದು ತಪ್ಪನ್ನು ಹೇಳಿ ಮಾತಿಗೆ ತೊಡಗಬೇಕೆಂದು ನನ್ನ ವಿನಮ್ರ ವಿನಂತಿ. ಅದಕ್ಕಾಗಿ ಯಾರೂ ಹಡಗು ಹತ್ತಬೇಕಾಗಿಲ್ಲ. ಮನೆಯ ಹಳೆಯ ಲೆಕ್ಕದಲ್ಲಿ ಅಂಥದೊಂದು ಎಲ್ಲರಿಗೂ ಸಿಕ್ಕೀತು.