ದೊರೆಯಿಲ್ಲದ ಊರಲ್ಲಿ ತೂಬು ಎತ್ತುವವರು ಯಾರು? ಕಂಬಂ ಕಣಿವೆಯಿಂದ ಅರಾಜಕತಾವಾದವನ್ನು ನೋಡಿದಾಗ

ಅರಾಜಕತಾವಾದ ಪುಸ್ತಕ ಬಿಟ್ಟು ಬದುಕಿಗೆ ಇಳಿಯಬಲ್ಲದೇ ಅನ್ನೋದು ಇವತ್ತಿನ ಪ್ರಶ್ನೆ. ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆಗಳಲ್ಲಿ ‘ಅರಾಜಕತೆ’ ಅಂದರೆ ದೊಂಬಿ, ಲೂಟಿ. 1902ರಲ್ಲಿ ಪರಸ್ಪರ ಸಹಾಯದ ಬಗ್ಗೆ ಪುಸ್ತಕ ತಂದ ಕ್ರೊಪೊಟ್ಕಿನ್‌ಗೆ ಹಾಗಲ್ಲ. ಅವರ ಅರಾಜಕತೆಯಲ್ಲಿ ನಿಯಮಗಳಿರುತ್ತವೆ; ಅವನ್ನು ಮೇಲಿಂದ ಹೇರುವ ಪ್ರಭುತ್ವ ಇರುವುದಿಲ್ಲ.

ನಾನು ತೇನಿ ಜಿಲ್ಲೆಯ ಕಂಬಂ ಕಡೆಯವನು. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತ ಅಕ್ಷರ ತಮಿಳು. ನಮ್ಮ ಕಾಪ್ಪಿಲಿಯರ್ ಸಮುದಾಯಕ್ಕೆ ಕಂಬಂನಲ್ಲಿ ಒಂದು ದೇವರ ಹಿಂಡು ಇದೆ. ‘ತಂಬಿರಾನ್ ಮಾಡು’ ಅಂತಾರೆ. ಯಾವ ಒಂದು ಮನೆಯ ಸ್ವತ್ತೂ ಅಲ್ಲ. ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬು ಇಟ್ಟು, ತಿಂದ ಹೋರಿಗೆ ಪಟ್ಟ ಕಟ್ಟುವುದು ಹಳೆಯ ಪದ್ಧತಿ. ಸರ್ಕಾರದ ಆದೇಶವಿಲ್ಲದೆ ಸಾಮೂಹಿಕ ಸ್ವತ್ತು ತಲೆಮಾರುಗಟ್ಟಲೆ ಉಳಿದಿದೆ.

ಆದರೆ ಇದು ಸುಲಭದ ಉದಾಹರಣೆ. ನಿಜವಾದ ಪರೀಕ್ಷೆ ನೀರಿನದು, ಯಾಕಂದರೆ ಅದು ಸಾಲದೇ ಬರುತ್ತದೆ.

ಮಧುರೆ ಸೀಮೆಯಲ್ಲಿ ಕೆರೆಗೆ ಕಣ್ಮಾಯ್ ಅನ್ನುತ್ತಾರೆ. ತೂಬು ಎತ್ತಿ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವವನು ನೀರ್ಕಟ್ಟಿ, ಕರ್ನಾಟಕದ ನೀರುಗಂಟಿಯಂಥವನು. ಕೂಲಿ ಸರ್ಕಾರದ್ದಲ್ಲ, ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಧಾನ್ಯ. ಹೂಳೆತ್ತುವುದು, ಕಾಲುವೆ ಸರಿಮಾಡುವುದು ಊರವರ ‘ಕುಡಿಮರಾಮತ್ತು’. ಇಂಥ ವ್ಯವಸ್ಥೆಗಳು ಸರ್ಕಾರದ ಹಂಗಿಲ್ಲದೆ ನಡೆಯಬಲ್ಲವು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗಾದರೆ ಉತ್ತರ ಸಿಕ್ಕಿತೇ? ನನಗೆ ಮೂರು ತೊಡಕು ಕಾಣುತ್ತವೆ.

ಒಂದು: 1858ರಲ್ಲಿ ಮದ್ರಾಸ್ ಸರ್ಕಾರ ಕಡ್ಡಾಯ ದುಡಿಮೆಯ ಕಾಯ್ದೆ ಮಾಡಿ ಈ ಕೆಲಸಕ್ಕೆ ಬಾರದವರಿಂದ ವಸೂಲಿಗೆ ದಾರಿ ಮಾಡಿಕೊಂಡಿತು. ಊರಿನ ಒಪ್ಪಂದ ಸರ್ಕಾರದ ಬಿಟ್ಟಿಯಾಗಲು ತಡವಾಗಲಿಲ್ಲ.

ಎರಡು: ಅಳತೆ. 1886ರ ಗುತ್ತಿಗೆ ಒಪ್ಪಂದದಂತೆ ಕಟ್ಟಿ 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದಾಚೆಯಿಂದ, ಈಗಿನ ಕೇರಳದಿಂದ, ಸುರಂಗದಲ್ಲಿ ನಮ್ಮ ಕಣಿವೆಗೆ ಬರುತ್ತದೆ. ಎರಡು ರಾಜ್ಯಗಳ ಈ ವ್ಯಾಜ್ಯ ಆಲದ ಕಟ್ಟೆಯಲ್ಲಿ ಕೂತು ಬಗೆಹರಿಯುವಂಥದ್ದಲ್ಲ.

ಮೂರು, ನನ್ನ ನಿದ್ದೆ ಕೆಡಿಸುವುದು ಇದೇ: ನೀರ್ಕಟ್ಟಿ ಸಾಮಾನ್ಯವಾಗಿ ಜಮೀನಿಲ್ಲದ ದಲಿತ. ನೆಲ ಇಲ್ಲದ್ದರಿಂದ ಪಕ್ಷಪಾತ ಮಾಡಲಾರ ಅನ್ನೋದು ತರ್ಕ. ಅಂದರೆ ಊರಿನ ನ್ಯಾಯ ನಿಂತದ್ದೇ ಅವನ ಬರಿಗೈ ಮೇಲೆ. ತೂಬು ಅವನ ಕೈಲಿ, ತೀರ್ಮಾನ ಮಾತ್ರ ಜಮೀನುದಾರರದು. ಪೊಲೀಸರಿಲ್ಲ ನಿಜ, ಆದರೆ ಜಾತಿ ಪಂಚಾಯ್ತಿಯ ಬಹಿಷ್ಕಾರ ಲಾಠಿಗಿಂತ ಕಮ್ಮಿಯದಲ್ಲ.

ಗಾಂಧಿ 1916ರಲ್ಲಿ ಬನಾರಸ್‌ನಲ್ಲಿ ತಾನೂ ಬೇರೆ ಬಗೆಯ ಅರಾಜಕತಾವಾದಿ ಎಂದಿದ್ದರು. ಅವರ ಗ್ರಾಮದ ಕನಸು ಹೊತ್ತು 1947ರಲ್ಲಿ ದಿಂಡಿಗಲ್ ಬಳಿ ಗಾಂಧಿಗ್ರಾಮ ಶುರುವಾಯಿತು. ಮರುವರ್ಷ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ವೈಭವೀಕರಣವನ್ನು ಕಟುವಾಗಿ ತಿರಸ್ಕರಿಸಿ, ವ್ಯಕ್ತಿಯೇ ಘಟಕವಾಗಲಿ ಎಂದರು. ಕೆರೆ ಏರಿ ಮೇಲೆ ನಿಂತರೆ ಇಬ್ಬರ ಮಾತೂ ಕೇಳಿಸುತ್ತದೆ.

ನನ್ನ ನಿಲುವು ಇಷ್ಟು: ಒಂದು ಕೆರೆ, ಒಂದು ಹಿಂಡಿನ ಮಟ್ಟದಲ್ಲಿ ಅರಾಜಕತಾವಾದ ನಡೆಯುತ್ತದೆ, ನಡೆದಿದೆ. ಇಡೀ ಬದುಕೇ ಹಾಗಾಗಬೇಕಾದರೆ ಎರಡು ಶರತ್ತು. ತೂಬು ಎತ್ತುವವನೂ ಸಭೆಯಲ್ಲಿ ಸಮನಾಗಿ ಕೂರಬೇಕು. ಒಪ್ಪದವರು ಅನ್ನಕ್ಕೆ ಎರವಾಗದೆ ಹೊರನಡೆಯಲು ಸಾಧ್ಯವಾಗಬೇಕು. ಇವೆರಡೂ ಇಲ್ಲದ ಕಡೆ ದೊರೆ ಹೋಗಿರುವುದಿಲ್ಲ, ಪಕ್ಕದ ಮನೆಗೆ ಬಂದಿರುತ್ತಾನೆ, ಅಷ್ಟೇ.

ಈ ಶರತ್ತುಗಳನ್ನು ಕಾಯಲು ಮತ್ತೆ ಸರ್ಕಾರವೇ ಬೇಕಲ್ಲವೇ ಅಂತ ನೀವು ಕೇಳಬಹುದು. ಚರ್ಚೆ ಅಲ್ಲಿಂದಲೇ ಶುರುವಾಗಲಿ.