ಗೋರಿಗಳೂ ಗ್ರಂಥಗಳೂ

ಮುಳಬಾಗಿಲೆಂದರೆ ಮೂಡಲ ಬಾಗಿಲು. ಮೈಸೂರು ಸೀಮೆಯಿಂದ ತಮಿಳು ನಾಡಿಗೆ ಇಳಿಯುವವರೂ, ಅಲ್ಲಿಂದ ಘಟ್ಟವೇರಿ ಬರುವವರೂ ಈ ಬಾಗಿಲನ್ನು ಹಾಯ್ದೇ ಹೋಗಬೇಕಾಗಿತ್ತು. 1768ರಲ್ಲಿ ಹೈದರನ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗವಾದದ್ದು ಈ ಊರಿನ ಬಳಿಯಲ್ಲಿಯೇ. ಆದರೆ ದಂಡು ನಡೆದ ಹಾದಿಯಲ್ಲಿ ಅದಕ್ಕೂ ಬಹು ಹಿಂದೆ ಫಕೀರರು ನಡೆದಿದ್ದರೆಂಬುದನ್ನು ನಾವು ಮರೆಯಲಾಗದು.

ಮುಳಬಾಗಿಲಿನಲ್ಲಿ ಹೈದರ್ ವಲಿಯವರ ದರ್ಗಾ ಇದೆ. ತಿರುಚಿರಾಪಳ್ಳಿಯ ನತ್ತರ್ ವಲಿಯವರ ಶಿಷ್ಯರಲ್ಲಿ ಇವರೊಬ್ಬರೆಂಬುದು ಪರಂಪರೆಯ ಮಾತು. ಉರುಸಿನ ದಿನ ಅಲ್ಲಿ ಸೇರುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಹಿಂದೂಗಳೂ ಇರುತ್ತಾರೆ. ಹರಕೆ ಹೊತ್ತು ಬಂದವನು ಸಂತನ ಪಂಥವಾವುದು, ಗುರುವಾರು ಎಂದು ವಿಚಾರಿಸುವುದಿಲ್ಲ. ಅವನಿಗೆ ಬೇಕಾದುದು ಸಮಾಧಾನ. ಜನ ಕೊಟ್ಟ ಈ ಮನ್ನಣೆ ಸಾಮಾನ್ಯವಾದುದಲ್ಲ.

ಕೋಲಾರದ ಮಕ್ಬರದ ಕಥೆ ಬೇರೆ. ಅಲ್ಲಿ ಮಲಗಿರುವವನು ಹೈದರಾಲಿಯ ತಂದೆ ಫತೇ ಮಹಮ್ಮದ್, ಸಂತನಲ್ಲ, ಸೈನಿಕ. ಆದರೆ ಅವನ ಮನೆತನದ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಒಂದು ದರ್ಗಾದ ಅಂಗಳವನ್ನೇ. ಕಿರ್ಮಾನಿಯು ಪಾರಸಿಯಲ್ಲಿ ಬರೆದ ‘ನಿಶಾನ್-ಎ-ಹೈದರಿ’ಯ ಪ್ರಕಾರ, ಹೈದರನ ಮುತ್ತಾತ ವಲೀ ಮಹಮ್ಮದನು ಉತ್ತರದಿಂದ ಕಲಬುರ್ಗಿಗೆ ಬಂದು ಬಂದೇ ನವಾಜರ ದರ್ಗಾವನ್ನು ಆಶ್ರಯಿಸಿದನು. ಆತನ ಮಗ ಅಲ್ಲಿಯ ಸೇವಕರೊಬ್ಬರ ಮಗಳನ್ನು ಮದುವೆಯಾಗಿ, ಮುಂದೆ ಬಿಜಾಪುರಕ್ಕೂ ಕಡೆಗೆ ಕೋಲಾರಕ್ಕೂ ಬಂದು ನೆಲಸಿದನು.

ಈ ಬಂದೇ ನವಾಜರು ಯಾರು? ದೆಹಲಿಯಲ್ಲಿ 1321ರಲ್ಲಿ ಜನಿಸಿದ ಸೈಯದ್ ಮಹಮ್ಮದ್ ಹುಸೇನಿ. ಗೇಸೂದರಾಜ್ ಎಂಬುದು ಇನ್ನೊಂದು ಹೆಸರು. ಚಿಶ್ತಿ ಪಂಥದ ನಾಸಿರುದ್ದೀನ್ ಚಿರಾಗರ ಶಿಷ್ಯರು. 1398ರಲ್ಲಿ ತೈಮೂರನ ದಾಳಿಗೆ ದೆಹಲಿ ತತ್ತರಿಸಿದಾಗ ಊರು ಬಿಟ್ಟು, ಸುಮಾರು ಎಂಬತ್ತರ ವಯಸ್ಸಿನಲ್ಲಿ ಬಹಮನಿ ಫಿರೋಜ ಷಹನ ರಾಜಧಾನಿಯನ್ನು ಸೇರಿದರು. 1422ರಲ್ಲಿ ತೀರಿಕೊಳ್ಳುವವರೆಗೂ ಅವರ ಪಾಠಪ್ರವಚನಗಳು ನಿಲ್ಲಲಿಲ್ಲ. ಅವರು ಬರೆದ ಗ್ರಂಥಗಳು ಹಲವು. ಇಬ್ನ್ ಅರಬಿಯಂಥ ಮಹಾಮೇಧಾವಿಯ ತತ್ತ್ವವನ್ನೂ ಒರೆಗೆ ಹಚ್ಚಿ ನೋಡಿದ ಪಂಡಿತರು ಅವರು. ನಾವು ಅವರ ಸಮಾಧಿಯನ್ನು ಬಲ್ಲೆವು. ಆ ಪಾಂಡಿತ್ಯವನ್ನು ಬಲ್ಲೆವೆ?

ಭಕ್ತಿ ವಂಶದಿಂದ ವಂಶಕ್ಕೆ ಇಳಿದು ಬರುತ್ತದೆ. ವಿದ್ಯೆ ಹಾಗೆ ಬರುವುದಿಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರನೇ ಇದಕ್ಕೆ ನಿದರ್ಶನ. ವಿದ್ವಾಂಸರ ದರ್ಗಾವನ್ನು ಸೇವಿಸಿದ ಮನೆತನದ ಕುಡಿ ಓದುಬರಹ ಅರಿಯದವನಾಗಿದ್ದ. ಹಲವು ಭಾಷೆಗಳನ್ನು ಆಡಬಲ್ಲವನು ತನ್ನ ಹೆಸರನ್ನು ಬರೆಯಲಾರದೆ ಹೋದ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಅವನು ಮಡಿದಾಗ, ಟಿಪ್ಪು ಬರುವವರೆಗೆ ಆ ಸುದ್ದಿಯನ್ನು ಅಡಗಿಸಿಟ್ಟವರಲ್ಲಿ ಪೂರ್ಣಯ್ಯನೊಬ್ಬ. ಶ್ರೀನಿವಾಸಪುರವೆಂಬ ಹೆಸರು ಈ ಪೂರ್ಣಯ್ಯನ ಮಗನಿಂದ ಬಂದುದು. ಮೊದಲು ಅದು ಪಾಪನಪಳ್ಳಿ. ಶವವನ್ನು ಕೋಲಾರಕ್ಕೆ ಸಾಗಿಸಿ ತಂದೆಯ ಮಗ್ಗುಲಲ್ಲಿ ಇರಿಸಿದರು. ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ದರು. ಶಾಲೆಯ ಮಕ್ಕಳು ಹೈದರನ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ. ಅವನ ಹಿರಿಯರು ಬಾಗಿ ನಿಂತಿದ್ದ ಗುರುವಿನ ಗ್ರಂಥದ ಹೆಸರೊಂದನ್ನು ಕೇಳಿದರೆ ಉತ್ತರವಿಲ್ಲ.

ಮುಳಬಾಗಿಲಿನಲ್ಲಿಯೇ, ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೆಯ ಶತಮಾನದ ಆ ಯತಿಗಳು ಸಂಸ್ಕೃತದ ಶಾಸ್ತ್ರವನ್ನು ಬಲ್ಲವರಾಗಿಯೂ ಕನ್ನಡದಲ್ಲಿ ಹಾಡಿದರು. ಆದಕಾರಣ ಅವರ ಬೃಂದಾವನಕ್ಕೆ ಹೋಗದವನ ನಾಲಗೆಯ ಮೇಲೂ ಅವರ ಮಾತು ಇದೆ. ಬಂದೇ ನವಾಜರ ಅರಿವು ಪಾರಸಿ, ಅರಬಿಗಳ ಕೋಟೆಯೊಳಗಿದ್ದು ಸಾಮಾನ್ಯ ಕನ್ನಡ ವಾಚಕನಿಗೆ ದೂರವಾಗಿಯೇ ಉಳಿದಿದೆ. ಆ ಭಾಷೆಗಳನ್ನು ಕಲಿತ ಕನ್ನಡಿಗರು ನಮ್ಮಲ್ಲಿ ಇಲ್ಲದಿಲ್ಲ. ಕೋಲಾರ, ಮಾಲೂರುಗಳ ಉಪಾಧ್ಯಾಯರು ಅಂಥವರನ್ನು ಶಾಲೆಗೆ ಕರೆಸಿ ಒಂದು ಪುಟವನ್ನಾದರೂ ಕನ್ನಡದಲ್ಲಿ ಹೇಳಿಸಬಾರದೆ? ಗೋರಿಗೆ ಹೂವಿನ ಚಾದರ ಹೊದಿಸುವ ಕೈಗಳು ಬಹಳ. ಗ್ರಂಥದ ಮೇಲಿನ ಧೂಳನ್ನು ಒರೆಸುವ ಕೈಗಳು ಇನ್ನು ಮೇಲಾದರೂ ಮುಂದೆ ಬರಬೇಕು.