ನಿಮಗಿದು ಗೊತ್ತೆ? ಮಡಕೆ ಚೂರಿಗೆ ಹೆದರುತ್ತಿದ್ದ ನಾಯಕರು

ಜನರ ಜೈಕಾರದ ಬಲದಲ್ಲೇ ಒಬ್ಬ ಸರ್ವಾಧಿಕಾರಿಯಾಗಿಬಿಟ್ಟರೆ? ಪ್ರಜಾಪ್ರಭುತ್ವಕ್ಕೆ ಈ ಭಯ ಹುಟ್ಟಿನಿಂದಲೇ ಇದೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್ ಅದಕ್ಕೊಂದು ಮದ್ದು ಅರೆದಿತ್ತು. ಅಪಾಯಕಾರಿ ಎನಿಸಿದ ನಾಯಕನ ಹೆಸರನ್ನು ನಾಗರಿಕರು ಒಡೆದ ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. 6,000 ಚೂರು ಬಿದ್ದರೆ, ಹೆಚ್ಚು ಸಲ ಹೆಸರು ಬಂದವನಿಗೆ 10 ವರ್ಷ ಗಡೀಪಾರು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಆದರೆ ಆಸ್ತಿ ಮುಟ್ಟುಗೋಲೂ ಇಲ್ಲ. ಚೂರಿಗೆ ಗ್ರೀಕರು ‘ಆಸ್ಟ್ರಕಾನ್’ ಎನ್ನುತ್ತಿದ್ದರು. ಬಹಿಷ್ಕಾರಕ್ಕೆ ಇಂಗ್ಲಿಷಿನಲ್ಲಿರುವ ‘ಆಸ್ಟ್ರಸಿಸಂ’ ಪದ ಹುಟ್ಟಿದ್ದು ಅಲ್ಲಿಂದಲೇ.

ಮದ್ದಿಗೂ ರೋಗ ಅಂಟಿತು ನೋಡಿ! ಪರ್ಷಿಯನ್ನರ ವಿರುದ್ಧದ ಸಲಾಮಿಸ್ ಕದನ ಗೆಲ್ಲಿಸಿದ ಥೆಮಿಸ್ಟೊಕ್ಲಿಸ್‌ನ ಹೆಸರಿದ್ದ ಸುಮಾರು 190 ಚೂರುಗಳು ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಬಳಿಯ ಬಾವಿಯೊಂದರಲ್ಲಿ ಸಿಕ್ಕವು. ಬರೆದ ಕೈಗಳು ಮಾತ್ರ ಹದಿನಾಲ್ಕೇ! ಎದುರಾಳಿಗಳು ಮೊದಲೇ ಬರೆಸಿ ಹಂಚಲು ಇಟ್ಟುಕೊಂಡಿದ್ದರು ಎಂಬುದು ಇತಿಹಾಸಕಾರರ ಗುಮಾನಿ. ಓದು ಬರಹ ಬಾರದವರಿಗೆ ಅದು ‘ನೆರವು’ ಆಗಿದ್ದಿರಲೂಬಹುದು.

ಕೊನೆಗೆ, ಗಡೀಪಾರಿನ ಅಂಚಿನಲ್ಲಿದ್ದ ನಾಯಕರಾದ ನಿಸಿಯಾಸ್ ಮತ್ತು ಆಲ್ಸಿಬಯಾಡಿಸ್ ತಮ್ಮ ವೈರ ಬದಿಗಿಟ್ಟು ಕೈಜೋಡಿಸಿದರು. ಇಬ್ಬರ ಬೆಂಬಲಿಗರೂ ಸೇರಿ ಹೈಪರ್ಬೊಲಸ್ ಎಂಬ ಮೂರನೆಯವನನ್ನು ಊರಾಚೆ ಕಳಿಸಿದರು. ಆಮೇಲೆ ಅಥೆನ್ಸ್ ಯಾರ ಮೇಲೂ ಈ ಚೂರುಗಳನ್ನು ಪ್ರಯೋಗಿಸಲಿಲ್ಲ.